ಕಿತ್ತಳೆ ಶಾಯಿಯ ಹಕ್ಕಳೆ

ನಮ್ಮ ಕಚೇರಿಗಳಲ್ಲಿ ಶಾಯಿಗೂ ಹುದ್ದೆಯುಂಟು. ನೀಲಿ, ಕಪ್ಪು ಎಲ್ಲರವು. ಕೆಂಪು ಮೇಷ್ಟ್ರದು, ಆಡಿಟ್‌ನವರದು. ಹಸಿರು ಗೆಜೆಟೆಡ್ ಅಧಿಕಾರಿಗಳದು. ಜೆರಾಕ್ಸ್ ಪ್ರತಿಯ ಮೇಲೆ ಹಸಿರು ಸಹಿ ಬೀಳುವವರೆಗೆ ನಾವು ನಾವೇ ಎಂದು ಯಾರೂ ಒಪ್ಪದ ಕಾಲವೊಂದಿತ್ತು. ಕಿತ್ತಳೆಗೆ ಮಾತ್ರ ಎಲ್ಲಿಯೂ ಕುರ್ಚಿ ಹಾಕಿಲ್ಲ. ಆ ಬಣ್ಣದಲ್ಲಿ ಅರ್ಜಿ ಬರೆದುಕೊಟ್ಟರೆ ಗುಮಾಸ್ತರು ಅರ್ಜಿಯನ್ನು ಬಿಟ್ಟು ಅರ್ಜಿದಾರನ ಮುಖವನ್ನು ಓದುತ್ತಾರೆ.

ನಾನು ಕಿತ್ತಳೆ ಹಿಡಿದದ್ದು ಶೋಕಿಗಲ್ಲ, ಹೊಟ್ಟೆಪಾಡಿಗೆ. ಧಾರವಾಡದಲ್ಲಿ ಕುಳಿತು ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಹಾಳೆ ನನ್ನ ಮೇಜಿಗೆ ಬರುವ ಹೊತ್ತಿಗೆ ಅದರ ಮೇಲೆ ಲೇಖಕರು ನೀಲಿಯಲ್ಲಿ ಗೀಚಿರುತ್ತಾರೆ, ಮೊದಲು ಓದಿದವರು ಕೆಂಪಿನಲ್ಲಿ ಜಗಳವಾಡಿರುತ್ತಾರೆ. ಮೂರನೆಯವನಾದ ನನ್ನ ಮಾತು ಇವೆರಡರ ನಡುವೆ ಕಳೆದುಹೋಗಬಾರದು. ಹಸಿರು ಹಿಡಿಯೋಣವೆಂದರೆ ಹಿರಿಯರೊಬ್ಬರು ಅದನ್ನು ಆಗಲೇ ತಮ್ಮದಾಗಿಸಿಕೊಂಡಿದ್ದರು. ಉಳಿದದ್ದು ಕಿತ್ತಳೆ. ಈಗ ಡಿಟಿಪಿ ಮಾಡುವ ಹುಡುಗಿಗೂ ರೂಢಿಯಾಗಿದೆ. “ಸರ್, ಕೆಂಪುದ ಬಿಟ್ಟು ಕಿತ್ತಳಿದಷ್ಟ ಹಾಕ್ಲೇನ್ರಿ?” ಎಂದು ಕೇಳುತ್ತಾಳೆ. ಅಷ್ಟು ಅಧಿಕಾರ ನನಗೆ ಬೇರೆ ಯಾವ ಬಣ್ಣವೂ ಕೊಟ್ಟಿರಲಿಲ್ಲ.

ಕಿತ್ತಳೆ ಜೆಲ್ ಪೆನ್ನೇ ಅಂಗಡಿಯಲ್ಲಿ ಸಿಗುತ್ತದಲ್ಲ ಎನ್ನುವಿರಿ. ಸಿಗುತ್ತದೆ. ಆದರೆ ದಿನವಿಡೀ ಅಂಚಿನಲ್ಲಿ ಬಿಟ್ಟುಹೋದ ಒತ್ತಕ್ಷರ, ತಪ್ಪಿದ ಅರ್ಕಾವೊತ್ತು, ಅಲ್ಪಪ್ರಾಣ ಮಹಾಪ್ರಾಣಗಳನ್ನು ಸರಿಪಡಿಸುವ ಕೈಗೆ ಒತ್ತದೆ ಬರೆಯುವ ಫೌಂಟನ್ ಪೆನ್ನಿನ ನಿಬ್ಬು ಬೇಕು. ಸಂಜೆ ಮಣಿಕಟ್ಟು ಹಿಡಿದಾಗ ಈ ವಾದ ತಾನಾಗಿ ಗೆಲ್ಲುತ್ತದೆ.

ಹಿಡಿದ ಮೇಲೆ ತಿಳಿದದ್ದು, ಈ ಬಣ್ಣಕ್ಕೂ ಕರಡು ತಿದ್ದುವವರಿಗೂ ಹಳೆಯ ನಂಟಿದೆ. ಗುಜರಾತ್, ರಾಜಸ್ಥಾನಗಳ ಜೈನ ಭಂಡಾರಗಳಲ್ಲಿರುವ ಕಾಗದದ ಹಸ್ತಪ್ರತಿಗಳಲ್ಲಿ ತಪ್ಪಿದ ಅಕ್ಷರದ ಮೇಲೆ ಹರಿತಾಳ ಬಳಿದಿರುತ್ತಾರೆ. ಹರಿತಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಖನಿಜ. ಅದನ್ನು ಅರೆದು ತಪ್ಪಿನ ಮೇಲೆ ಸವರಿ, ಒಣಗಿದ ಮೇಲೆ ಸರಿಯಾದದ್ದನ್ನು ಬರೆಯುವುದು. ನಮ್ಮ ವೈಟ್ನರ್‌ನ ಅಜ್ಜ, ಹುಳಕ್ಕೂ ವಿಷ. ಶ್ಲೋಕ ಮುಗಿದ ಕಡೆ, ಅಧ್ಯಾಯ ಮುಗಿದ ಕಡೆ ಕಣ್ಣಿಗೆ ಬೀಳಲೆಂದು ಕಾವಿ ಉಜ್ಜಿರುತ್ತಾರೆ. ಯುರೋಪಿನ ಮಠಗಳ ಲಿಪಿಕಾರರು ಶೀರ್ಷಿಕೆಗೂ ಮೊದಲಕ್ಷರಕ್ಕೂ ಸೀಸದ ಸಿಂಧೂರ ಬಳಸಿದರು, ಅದು ಹೆಚ್ಚುಕಡಿಮೆ ಕಿತ್ತಳೆಯೇ. ಮೂಲ ಬರೆಯುವವನಿಗೆ ಕಪ್ಪು, ಅದರ ಮೇಲೆ ಕೈಯಾಡಿಸುವವನಿಗೆ ಹಳದಿಯಿಂದ ಕೆಂಪಿನವರೆಗಿನ ಬಣ್ಣ ಎಂಬ ಏರ್ಪಾಡು ಅಂದಿನಿಂದಲೇ ಇದ್ದಂತಿದೆ.

ನಮ್ಮ ಓಲೆಗರಿಯವರಿಗೆ ಈ ತಾಪತ್ರಯವೇ ಇರಲಿಲ್ಲ. ಅವರು ಕಂಟದಿಂದ ಗರಿಯ ಮೇಲೆ ಕೊರೆದು, ಬರೆದು ಮುಗಿದ ಮೇಲೆ ಮಸಿ ಸವರಿ ಒರೆಸಿಬಿಡುತ್ತಿದ್ದರು. ಮಸಿ ಗೀರಿನೊಳಗೆ ಮಾತ್ರ ಉಳಿಯುತ್ತಿತ್ತು. ಬರೆಯುವ ಮೊನೆಗೆ ಶಾಯಿಯ ಸೋಂಕೇ ಇಲ್ಲ. ಇಷ್ಟು ಶುಭ್ರವಾದ ನಿಬ್ಬು ಆಮೇಲೆ ಯಾರಿಗೂ ಸಿಗಲಿಲ್ಲ. ಶೃಂಗೇರಿ ಮಠದಲ್ಲಿರುವಂಥ ಕಡತಗಳದು ಇನ್ನೂ ಸುಲಭದ ದಾರಿ. ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಕರಿಬಟ್ಟೆಯ ಮೇಲೆ ಬಳಪದಲ್ಲಿ ಬರೆಯುವುದು. ತಪ್ಪಿದರೆ ಒರೆಸಿದರಾಯಿತು, ನನ್ನಂಥವನ ಅಗತ್ಯವೂ ಇಲ್ಲ.

ಹರಿತಾಳ, ಸಿಂಧೂರಗಳೆಲ್ಲ ನುಣ್ಣಗೆ ಅರೆದ ಪುಡಿಗಳು, ನೀರಿನಲ್ಲಿ ಕರಗುವುದಿಲ್ಲ. ಕುಂಚಕ್ಕೆ ಸರಿ, ಫೌಂಟನ್ ಪೆನ್ನಿಗೆ ಹಾಕಿದರೆ ಅದರ ಗಂಟಲು ಕಟ್ಟುತ್ತದೆ. ಪೆನ್ನಿಗೆ ಬೇಕಾದದ್ದು ಕರಗುವ ಬಣ್ಣ. ಅದಕ್ಕೆ ಕಲ್ಲಿದ್ದಲಿನ ಡಾಂಬರು ದಾರಿ ತೋರಿಸಬೇಕಾಯಿತು. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕ್ವಿನೈನ್ ಮಾಡಲು ಹೊರಟು ನೇರಳೆ ಬಣ್ಣ ಮಾಡಿ ಕುಳಿತ. ಎರಡು ವರ್ಷದ ನಂತರ, 1858ರಲ್ಲಿ, ಪೀಟರ್ ಗ್ರೀಸ್ ಕಂಡುಹಿಡಿದ ಡೈಅಜೊ ಕ್ರಿಯೆಯಿಂದ ಹಳದಿ, ಕಿತ್ತಳೆ, ಕೆಂಪುಗಳ ದೊಡ್ಡ ಸಂಸಾರವೇ ಹುಟ್ಟಿತು. 1876ರಲ್ಲಿ ಫ್ರಾನ್ಸಿನ ರೂಸ್ಸಾಂ ಮಾಡಿದ ‘ಆರೆಂಜ್ ಟು’ ಆ ಸಂಸಾರದ್ದೇ. ಉಣ್ಣೆ, ರೇಷ್ಮೆಗಳಿಗೆ ಬಳಿಯಲು ಬಂದ ಬಣ್ಣ ಅದು. ಅಂದರೆ ಬರೆಯುವವರಿಗೆ ಬಣ್ಣದ ಶಾಯಿ ಬಂದದ್ದು ಸೀರೆ ಬಣ್ಣ ಹಾಕುವವರ ಓಣಿಯಿಂದ. ಲಂಡನ್ನಿನಲ್ಲಿ 1864ರಲ್ಲಿ ಶುರುವಾದ ಡೈಅಮೈನ್ ಕಂಪನಿ ಇಂದಿಗೂ ಬಗೆಬಗೆಯ ಕಿತ್ತಳೆ ಮಾಡುತ್ತದೆ. ಫ್ರಾನ್ಸಿನ ಎರ್ಬಾಂ ಕಂಪನಿಯ ಒಂದು ಶಾಯಿಗೆ ‘ಭಾರತೀಯ ಕಿತ್ತಳೆ’ ಎಂದೇ ಹೆಸರು. ಸೀಸೆಯ ನೆತ್ತಿಯಲ್ಲಿ ಪೆನ್ನು ಒರಗಿಸಲು ಒಂದು ತೋಡು ಇರುತ್ತದೆ, ಒಳಗಿರುವುದು 30 ಮಿಲಿ. ಭಾರತದಲ್ಲಿ ಅದರ ಬೆಲೆ ಕೇಳಿದರೆ ಭಾರತೀಯರು ನಮ್ಮ ಬ್ರಿಲ್ ಶಾಯಿಗೆ ಮರಳುತ್ತಾರೆ.

ಆದರೂ ಒಳ್ಳೆಯ ಕಿತ್ತಳೆಯಲ್ಲಿ ಕನ್ನಡ ಬರೆದು ನೋಡಬೇಕು. ಜಪಾನಿನ ಪೈಲಟ್ ಕಂಪನಿಯ ‘ಯೂಯಾಕೆ’, ಅಮೆರಿಕದ ನೂಡ್ಲರ್ಸ್‌ನ ‘ಅಪಾಚೆ ಸನ್‌ಸೆಟ್’ ಎರಡೂ ಸೂರ್ಯಾಸ್ತದ ಹೆಸರಿನವು. ಇಂಥ ಶಾಯಿಗಳಲ್ಲಿ ಗೆರೆ ಎಲ್ಲ ಕಡೆ ಒಂದೇ ಬಣ್ಣದಲ್ಲಿ ಒಣಗುವುದಿಲ್ಲ. ನಿಬ್ಬು ಓಡಿದ ಕಡೆ ತೆಳು ಹಳದಿ, ನಿಂತ ಕಡೆ ಗಾಢ ಕಿತ್ತಳೆ. ಕನ್ನಡದ ಅಕ್ಷರ ಸುತ್ತಿ ಸುತ್ತಿ ಬರುವುದು. ಕೈಯೆತ್ತದೆ ಸುತ್ತು ಮುಗಿಸುವಾಗ ಒದ್ದೆ ಶಾಯಿ ಗೆರೆಯ ಬಾಲಕ್ಕೆ ಜರುಗುತ್ತದೆ. ಕೊನೆಗೆ ತಲಕಟ್ಟು ಹಾಕಿ ನಿಬ್ಬು ಎತ್ತಿದಲ್ಲಿ ಒಂದು ಹನಿ ನಿಲ್ಲುತ್ತದೆ. ಒಣಗಿದ ಮೇಲೆ ಸಾಲಿನುದ್ದಕ್ಕೂ ತಲಕಟ್ಟುಗಳ ತುದಿಯಷ್ಟೇ ಕೆಂಪಗಿರುತ್ತದೆ. ಸುತ್ತುಗಳೇ ತುಂಬಿದ ಇಂಥ ಲಿಪಿಗೆ ಈ ಶಾಯಿ ಹೇಳಿ ಮಾಡಿಸಿದ್ದು ಎಂದು ನನ್ನ ಪಕ್ಷಪಾತದ ಅಭಿಪ್ರಾಯ. ನುಣುಪು ಕಾಗದ ಬೇಕು, ಅಷ್ಟೇ. ಪ್ರೂಫ್ ತೆಗೆಯುವ ಅಗ್ಗದ ಹಾಳೆ ಶಾಯಿಯನ್ನು ಗಬಕ್ಕನೆ ಕುಡಿದು ಎಲ್ಲವನ್ನೂ ಒಂದೇ ಬಣ್ಣ ಮಾಡಿಬಿಡುತ್ತದೆ.

ಇನ್ನು ಹಕ್ಕಳೆಯ ವಿಚಾರ. ಶನಿವಾರ ಮುಚ್ಚಿಟ್ಟ ಪೆನ್ನಿನ ಟೊಪ್ಪಿಗೆಯನ್ನು ಸೋಮವಾರ ತೆಗೆದರೆ ನಿಬ್ಬಿನ ಸೀಳಿನ ಎರಡೂ ಬದಿಗೆ, ಮೇಲಿರುವ ಪುಟ್ಟ ತೂತಿನ ಸುತ್ತಲೂ, ಎಲೆಯಡಿಕೆ ಜಗಿದವರ ಕಟವಾಯಿಯಲ್ಲಿ ಒಣಗಿದಂಥ ಕೆಂಪು ಅಂಚು. ಉಗುರಿನಲ್ಲಿ ಮೀಟಿದರೆ ಹರಳು ಹರಳಾಗಿ ಏಳುತ್ತದೆ. ಬೆರಳ ಬೆವರು ತಾಗಿದ್ದೇ ತಡ, ಕರಗಿ ಮತ್ತೆ ಕಿತ್ತಳೆ. ಆ ದಿನ ಮುಟ್ಟಿದ ಕಾಫಿ ಲೋಟ, ಕನ್ನಡಕದ ಕಡ್ಡಿ, ಮೊಬೈಲು ಎಲ್ಲದರ ಮೇಲೂ ನನ್ನ ಗುರುತು. ಮನೆಯವರು ಸಿಟ್ಟಾಗುವುದನ್ನು ಬಿಟ್ಟು ಈಗ ಗುರುತು ಹಿಡಿದು ಹಿಂಬಾಲಿಸುತ್ತಾರೆ.

ಇಲ್ಲಿ ಎರಡು ಬೇರೆ ಸಂಗತಿಗಳಿವೆ. ನಿಬ್ಬಿನ ಬೆನ್ನ ಮೇಲೆ ಹಸಿಹಸಿಯಾಗಿ ಹಬ್ಬುವ ಶಾಯಿಯ ಪೊರೆ ಒಂದು. ಶಾಯಿ ಸರಾಗ ಇಳಿಯಲೆಂದು ನೀರಿನ ಬಿಗಿತ ಸಡಿಲಿಸುವ ಸೋಪಿನ ಜಾತಿಯ ಪದಾರ್ಥವನ್ನು ಅದರಲ್ಲಿ ಸೇರಿಸಿರುತ್ತಾರೆ. ಹಾಗಾಗಿ ಶಾಯಿ ಸೀಳಿನಿಂದ ಕೆಳಗಿಳಿಯುವುದರ ಜೊತೆಗೆ ಮೇಲಕ್ಕೂ ಹತ್ತುತ್ತದೆ. ಇದು ನಿರುಪದ್ರವಿ. ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಒಂದು ಸಾಲು ಬರೆಯುವಷ್ಟರಲ್ಲಿ ಮತ್ತೆ ಹತ್ತಿರುತ್ತದೆ, ಅದನ್ನು ಒರೆಸುತ್ತ ಕೂತರೆ ಪುಸ್ತಕ ಅಚ್ಚಾಗುವುದಿಲ್ಲ. ಎರಡನೆಯದೇ ಹಕ್ಕಳೆ. ಕಿತ್ತಳೆ ಸ್ವಭಾವತಃ ತಿಳಿ ಬಣ್ಣ. ಬಿಳಿ ಹಾಳೆಯ ಮೇಲೆ ಓದಲು ಬರಬೇಕಾದರೆ ಅಷ್ಟೇ ನೀರಿಗೆ ಬಣ್ಣವನ್ನು ಧಾರಾಳವಾಗಿ ಹಾಕಬೇಕು. ನೀರು ಸ್ವಲ್ಪ ಆರಿದರೂ ಸಾಕು, ಹೆಚ್ಚಾದ ಬಣ್ಣ ಕರಗಿ ನಿಲ್ಲಲಾರದೆ ಗಟ್ಟಿಯಾಗುತ್ತದೆ. ಉಜ್ವಲ ಕೆಂಪು, ನೇರಳೆಗಳಿಗೂ ಈ ಚಾಳಿಯಿದೆ. ತೆಳ್ಳಗಿನ ರಾಯಲ್ ಬ್ಲೂ ಈ ವಿಷಯದಲ್ಲಿ ಸಂಭಾವಿತ.

ಆರುವುದಾದರೂ ಹೇಗೆ, ಟೊಪ್ಪಿಗೆ ಹಾಕಿದೆಯಲ್ಲ? ಉತ್ತರ 1884ರಲ್ಲಿದೆ. ಆ ವರ್ಷ ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದ ಪೆನ್ನಿನ ಗುಟ್ಟೇ ಗಾಳಿ. ಶಾಯಿ ಹೊರಗೆ ಬಂದಷ್ಟೂ ಗಾಳಿ ಒಳಗೆ ಹೋಗಬೇಕು. ಇಲ್ಲವಾದರೆ ಪೆನ್ನು ಕೊಡುವುದಿಲ್ಲ, ಅಥವಾ ಒಮ್ಮೆಲೇ ಕಾರುತ್ತದೆ. ಅದಕ್ಕಾಗಿ ಅವನು ನಿಬ್ಬಿನ ಕೆಳಗಿನ ಪಟ್ಟಿಯಲ್ಲಿ, ಅಂದರೆ ಶಾಲೆಯಲ್ಲಿ ನಾವು ನಾಲಿಗೆ ಎನ್ನುತ್ತಿದ್ದ ಭಾಗದಲ್ಲಿ, ಸಣ್ಣ ಸೀಳುಗಳನ್ನು ಕೊರೆದ. ಗಾಳಿ ಬರುವ ಬಾಗಿಲು ತೆರೆದ ಮೇಲೆ ನೀರಿನ ಆವಿ ಹೋಗುವ ಬಾಗಿಲೂ ಅದೇ. ಟೊಪ್ಪಿಗೆಯೂ ಆ ಆವಿಯನ್ನು ಪೂರ್ತಿ ತಡೆಯುವುದಿಲ್ಲ, ಅದರಲ್ಲಿ ಒತ್ತಿ ಮುಚ್ಚುವುದಕ್ಕಿಂತ ತಿರುವಿ ಮುಚ್ಚುವುದು ವಾಸಿ. ಏಪ್ರಿಲಿನ ಒಣಹವೆಯಲ್ಲಿ, ಮೇಲೆ ಫ್ಯಾನು ತಿರುಗುವಾಗ, ಟೊಪ್ಪಿಗೆ ತೆಗೆದಿಟ್ಟು ಫೋನಿನಲ್ಲಿ ಲೇಖಕರ ವಿವರಣೆ ಕೇಳುತ್ತ ಕೂತರೆ ಕಿತ್ತಳೆ ನಿಬ್ಬು ಅಲ್ಲೇ ಒಣಗುತ್ತದೆ. ನಮ್ಮ ಲೇಖಕರ ವಿವರಣೆಗಳು ಸಾಮಾನ್ಯವಾಗಿ ದೀರ್ಘ.

ಶುಚಿ ಮಾಡುವ ವಿದ್ಯೆಯ ಬಗ್ಗೆ ಶಾಲೆಯಲ್ಲಿ ಕಲಿತದ್ದೆಲ್ಲ ಮರೆಯಬೇಕಾದದ್ದೇ. ಆಗ ಅಪ್ಪನ ಶೇವಿಂಗ್ ಬ್ಲೇಡನ್ನು ಅರ್ಧ ಮುರಿದು ನಿಬ್ಬಿನ ಸೀಳಿನಲ್ಲಿ ಎಳೆಯುತ್ತಿದ್ದೆವು. ನಾಲಿಗೆಯ ಗೀರುಗಳನ್ನೂ ಅದರಲ್ಲೇ ಕೆರೆಯುತ್ತಿದ್ದೆವು. ಬರೆಯದಿದ್ದರೆ ಒದರುವುದು, ಮುಂದಿನ ಬೆಂಚಿನವನ ಬೆನ್ನ ಮೇಲೆ ಚುಕ್ಕೆ ಮೂಡುವುದು. ಬ್ಲೇಡಿನಿಂದ ಸೀಳು ಅಗಲವಾಗುತ್ತದೆ, ಒಮ್ಮೆ ಅಗಲವಾದ ಸೀಳಿನಲ್ಲಿ ಶಾಯಿ ತುದಿಯವರೆಗೆ ಬರುವುದಿಲ್ಲ. ಹಕ್ಕಳೆಗೆ ಬೇಕಾದದ್ದು ಬರೀ ತಣ್ಣೀರು ಮತ್ತು ತಾಳ್ಮೆ. ನೀರಿನಲ್ಲಿ ಕರಗಿದ್ದೇ ಒಣಗಿರುವುದರಿಂದ ನೀರಿಗೇ ಬಿಡುತ್ತದೆ. ನಿಬ್ಬಿನ ಭಾಗವನ್ನು ರಾತ್ರಿ ಲೋಟದ ನೀರಿನಲ್ಲಿ ಇಟ್ಟರೆ ಸೀಳಿನಿಂದ ಕಿತ್ತಳೆಯ ಎಳೆಯೊಂದು ನೇರ ತಳಕ್ಕಿಳಿದು, ಅಲ್ಲಿ ಹರಡಿ ನಿಲ್ಲುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ತಿಳಿ ಬರುವವರೆಗೆ ನಲ್ಲಿಯ ಕೆಳಗೆ ತೊಳೆಯುವುದು. ಆ ಲೋಟಕ್ಕೆ ಚೀಟಿ ಅಂಟಿಸಿಡಿ. ನಮ್ಮ ಮನೆಯಲ್ಲಿ ಒಬ್ಬರು ಅದನ್ನು ಆರೆಂಜ್ ಜ್ಯೂಸ್ ಎಂದು ಅತಿಥಿಗೆ ಕೊಡುವುದರಲ್ಲಿದ್ದರು.

ಬೋರ್‌ವೆಲ್ ನೀರಾದರೆ ಕೊನೆಯ ತೊಳೆತ ಫಿಲ್ಟರ್ ನೀರಿನಲ್ಲಾಗಲಿ. ಸ್ಟೀಲ್ ಲೋಟದ ಮೇಲೆ ಬಿಳಿ ಕಲೆ ಬಿಡುವ ಸುಣ್ಣದಂಶ ನಾಲಿಗೆಯ ಗೀರಿನಲ್ಲೂ ಬಿಡುತ್ತದೆ. ಹಳೆಯ ಹಟಮಾರಿ ಹಕ್ಕಳೆಗೆ ಹತ್ತು ಪಾಲು ನೀರಿಗೆ ಒಂದು ಪಾಲು ಮನೆಬಳಕೆಯ ತೆಳು ಅಮೋನಿಯಾ, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು. ಬಿಸಿನೀರು ಬೇಡ, ಹಳೆಯ ಎಬೊನೈಟ್ ಪೆನ್ನು ಬಣ್ಣಗೆಡುತ್ತದೆ. ಸ್ಪಿರಿಟ್ಟೂ ಬೇಡ, ಪ್ಲಾಸ್ಟಿಕ್ ಬಿರುಕುಬಿಡಬಹುದು. ಕಿತ್ತಳೆ ಮುಗಿಯಿತೆಂದು ತೊಳೆಯದೆಯೇ ಮೇಲೆ ಬೇರೆ ಕಂಪನಿಯ ನೀಲಿ ತುಂಬುವುದಂತೂ ಸಲ್ಲದು. ಒಂದು ಆಮ್ಲ, ಇನ್ನೊಂದು ಕ್ಷಾರವಾಗಿದ್ದರೆ ಎರಡೂ ಸೇರಿ ಒಳಗೇ ಗಷ್ಟು ಕಟ್ಟುತ್ತವೆ, ಅದು ನೀರಿಗೂ ಜಗ್ಗುವುದಿಲ್ಲ. ಶಾಯಿಯೇ ಪೆನ್ನು ತೊಳೆಯುತ್ತದೆ ಎಂಬ ಆಸೆಯೂ ಹಳೆಯದು. 1931ರಲ್ಲಿ ಬಂದ ಪಾರ್ಕರ್ ಕ್ವಿಂಕ್ ತನ್ನೊಳಗೆ ‘ಸಾಲ್ವ್-ಎಕ್ಸ್’ ಎಂಬ ಶುಚಿಕಾರಕವಿದೆ, ಬರೆಯುತ್ತಲೇ ಪೆನ್ನು ಸ್ವಚ್ಛವಾಗುತ್ತದೆ ಎಂದು ಜಾಹೀರಾತು ಹಾಕಿಕೊಂಡಿತ್ತು. ಅದನ್ನು ನಂಬಿ ಯಾರಾದರೂ ಪೆನ್ನು ತೊಳೆಯುವುದನ್ನು ಬಿಟ್ಟಿದ್ದರೆ ಅವರೂ ನನ್ನ ಬಳಗವೇ.

ಇಷ್ಟೆಲ್ಲ ಇದ್ದೂ ಕಿತ್ತಳೆ ಬಿಡುವ ಯೋಚನೆ ನನಗಿಲ್ಲ. ಬಿಡಬೇಕಾದ ಕಡೆ ಮಾತ್ರ ಬಿಟ್ಟಿದ್ದೇನೆ. ಇವು ಬೆಳಕಿಗೆ ಮಾಸುವ ಬಣ್ಣಗಳು, ನೀರು ಬಿದ್ದರೆ ಓಡಿಹೋಗುವವು. ಹಾಗಾಗಿ ಕರಾರುಪತ್ರ, ಚೆಕ್ಕು, ಮೊಮ್ಮಕ್ಕಳು ಓದಲೆಂದು ಬರೆಯುವ ದಿನಚರಿ ಇವಕ್ಕೆಲ್ಲ ನೀಲಿ, ಕಪ್ಪುಗಳೇ ಸರಿ. ಕಿತ್ತಳೆಯನ್ನು ಸುಲಭವಾಗಿ ಬಿಚ್ಚಿ ತೊಳೆಯಲು ಬರುವ ಅಗ್ಗದ ಪೆನ್ನಿಗೆ ತುಂಬಿ. ಅಜ್ಜ ಬಿಟ್ಟುಹೋದ ಸೆಲ್ಯುಲಾಯ್ಡ್ ಪೆನ್ನು ನಿಮ್ಮ ಕಪಾಟಿನಲ್ಲಿದ್ದರೆ ಅದಕ್ಕೆ ಈ ಶಾಯಿ ಹಾಕಬೇಡಿ. ತಿಳಿಮೈಗೆ ಹತ್ತಿದ ಕಲೆ ಬಿಡುವುದಿಲ್ಲ. ಅದರ ನಿಬ್ಬಿನ ಮೇಲೆ ಹಳೆಯ ಹಕ್ಕಳೆ ಕಂಡರೆ ದಯವಿಟ್ಟು ಬ್ಲೇಡು ಹುಡುಕಬೇಡಿ. ನಿಬ್ಬಿನ ತುದಿಯಷ್ಟೇ ಮುಳುಗುವಂತೆ ಒಂದು ರಾತ್ರಿ ತಣ್ಣೀರಿನಲ್ಲಿ ಇಡಿ, ಬಿಡದಿದ್ದರೆ ಇನ್ನೊಂದು ರಾತ್ರಿ ಇಡಿ.