ರೋಲ್‌ದೋ, ಮೆಷಿನ್‌ದೋ?

ಶಿವಮೊಗ್ಗದಲ್ಲಿ ನನ್ನ ಸೋದರಮಾವಂದು ಒಂದು ಪ್ರಿಂಟಿಂಗ್ ಅಂಗಡಿ ಇದೆ. ಅಂಗಡಿ ಬೋರ್ಡು, ಗಾಡಿ ಸ್ಟಿಕ್ಕರ್, ಮದುವೆ ಬ್ಯಾನರ್ ಎಲ್ಲ ಮಾಡ್ತಾರೆ. ಹೋದ ಮಳೆಗಾಲ ರಜೆಯಲ್ಲಿ ಮೂರು ವಾರ ಅಲ್ಲೇ ಇದ್ದೆ. ದಿನಾ ಕಿವಿಗೆ ಬೀಳ್ತಿದ್ದ ಪ್ರಶ್ನೆ ಒಂದೇ: ಇದು ರೋಲ್ ಪ್ರಾಬ್ಲಮ್ಮೋ, ಮೆಷಿನ್ ಪ್ರಾಬ್ಲಮ್ಮೋ?

ಈ ಪ್ರಶ್ನೆ ಹಿಂದೆ ದುಡ್ಡಿದೆ. ಒಂದು ವಿನೈಲ್ ರೋಲ್ ಅಂದ್ರೆ 4 ಅಡಿ ಅಗಲ, 50 ಮೀಟರ್ ಉದ್ದ. ಪ್ರಿಂಟ್ ಕೆಟ್ರೆ ಇಂಕೂ ಹೋಯ್ತು, ಮಾಲೂ ಹೋಯ್ತು. ಡೀಲರ್‌ಗೆ ಫೋನ್ ಮಾಡಿದ್ರೆ "ನಿಮ್ಮ ಹೆಡ್ ಚೆಕ್ ಮಾಡ್ಸಿ ಸಾರ್" ಅಂತಾರೆ. ಆಮೇಲೆ ಎಲ್ಲರ ಕಣ್ಣೂ ಆಪರೇಟರ್ ಅಣ್ಣನ ಕಡೆ ತಿರುಗುತ್ತೆ.

ಅಣ್ಣ ಹೆಚ್ಚು ಮಾತಾಡೋರಲ್ಲ. ಆದ್ರೆ ಗೆರೆ ಬಿದ್ದಾಗ ಅವರು ಮೊದಲು ನೋಡೋದು ಅದು ಯಾವ ದಿಕ್ಕಿಗಿದೆ ಅಂತ. ಹೆಡ್ ಓಡೋದು ರೋಲಿನ ಅಗಲಕ್ಕೆ. ನಾಝಲ್ ಕಟ್ಟಿಕೊಂಡಿದ್ರೆ ಗೆರೆಯೂ ಅಗಲಕ್ಕೇ ಬೀಳುತ್ತೆ. ಆಗ ಹೆಡ್ ಕ್ಲೀನ್ ಮಾಡಿ, ನಾಝಲ್ ಚೆಕ್ ಪ್ರಿಂಟ್ ತೆಗೆದು ನೋಡ್ತಾರೆ. ಗೆರೆ ಉದ್ದಕ್ಕೆ, ಒಂದೇ ಜಾಗದಲ್ಲಿ ಮೀಟರ್‌ಗಟ್ಟಲೆ ಬಂದ್ರೆ ಕೋಟಿಂಗ್ ಮೇಲೆ ಅನುಮಾನ, ಅಥವಾ ರೋಲ್ ಒತ್ತಿ ಹಿಡಿಯೋ ಪಿಂಚ್ ರೋಲರ್ ಮೇಲೆ. ಆಗ ಅದೇ ಫೈಲನ್ನ ಬೇರೆ ರೋಲ್ ಹಾಕಿ ಒಂದಡಿ ಪ್ರಿಂಟ್ ಮಾಡ್ತಾರೆ. ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಲ್ಯಾಬ್‌ನಲ್ಲಿ ಇದನ್ನ ವೈವಾಗೋಸ್ಕರ ಬಾಯಿಪಾಠ ಮಾಡ್ತೀವಿ!

ಮಳೆಗಾಲದ ಕಾಟ ಬೇರೆ ಥರ. ವಿನೈಲ್ ಹಿಂದಿರೋ ಬಿಡಿಸೋ ಪೇಪರ್ ತೇವ ಹೀರಿ ಉಬ್ಬುತ್ತೆ, ಮೇಲಿನ ಪ್ಲಾಸ್ಟಿಕ್ ಉಬ್ಬಲ್ಲ. ಅಂಚು ಹಪ್ಪಳದ ಥರ ಅಲೆ ಅಲೆಯಾಗಿ ಏಳುತ್ತೆ, ಹೆಡ್ ಬಂದು ಅದಕ್ಕೆ ಉಜ್ಜುತ್ತೆ. ಇದು ಫ್ಯಾಕ್ಟರಿ ತಪ್ಪು ಅಂತ ಹೇಳೋಕಾಗಲ್ಲ. ಅದಕ್ಕೇ ಮಿಕ್ಕ ರೋಲನ್ನ ಅದರದೇ ಕವರ್‌ಗೆ ವಾಪಸ್ ಹಾಕಿ ನಿಲ್ಲಿಸಿಡೋದು ಮಾವನ ಕಟ್ಟುನಿಟ್ಟು.

ನನಗೆ ಇಷ್ಟವಾದ ಕೇಸ್ ಒಂದು ಬೇಕರಿ ಬೋರ್ಡಿಂದು. 15 ಅಡಿ, ಪೂರ್ತಿ ಹಳದಿ. (ಒಂದೇ ಬಣ್ಣ ತುಂಬಿದ್ರೆ ಯಾವ ಕೊರತೆಯೂ ಅಡಗಲ್ಲ. ರಾಜ್ಯೋತ್ಸವದ ಬ್ಯಾನರ್ ಡಿಸೈನ್ ಮಾಡೋರು ನೆನಪಿಟ್ಕೊಳ್ಳಿ.) ಹೊಸ ರೋಲ್, ಬಲಗಡೆ ಒಂದು ಮಸುಕು ಕಲೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂಥದ್ದೇ. ಮತ್ತೆ ಇನ್ನೊಂದು. ಮಾವ ಫೋನಲ್ಲಿ ಡೀಲರ್ ಹತ್ರ ಕೂಗಾಡ್ತಿದ್ರು. ಅಣ್ಣ ಮಾತ್ರ ಟೇಪ್ ಹಿಡಿದು ನೆಲದ ಮೇಲೆ ಕೂತ್ರು.

ಮೊದಲ ಎರಡು ಕಲೆ ಮಧ್ಯೆ 46 ಸೆಂಟಿಮೀಟರ್. "ಬರ್ಕೋ ಪುಟ್ಟಿ" ಅಂದ್ರು. ಆಮೇಲಿನ ಅಂತರ ಒಂದೂವರೆ ಮಿಲಿಮೀಟರ್‌ನಷ್ಟು ಕಮ್ಮಿ, ಅದರ ಆಮೇಲಿಂದು ಇನ್ನೂ ಕಮ್ಮಿ. ಹತ್ತನೇದು ನಲವತ್ನಾಲ್ಕೂವರೆ. ಕಲೆಯೂ ಬರ್ತಾ ಬರ್ತಾ ತಿಳಿಯಾಗಿತ್ತು.

ಮೆಷಿನ್ ರೋಲರ್‌ಗೆ ಗಾಯ ಆಗಿದ್ರೆ ಅಂತರ ಎಲ್ಲಾ ಕಡೆ ಒಂದೇ ಇರ್ಬೇಕು, ಯಾಕಂದ್ರೆ ರೋಲರ್ ಸಣ್ಣ ಆಗಲ್ಲ. ಸುತ್ತಿಟ್ಟ ರೋಲ್ ಮಾತ್ರ ಬಿಚ್ಚಿದ ಹಾಗೆ ಸಣ್ಣ ಆಗುತ್ತೆ. ಮಾಲು ಪೇಪರ್ ಸೇರಿ ಕಾಲು ಮಿಲಿಮೀಟರ್ ದಪ್ಪ, ಅದನ್ನ 2 ಪೈಯಿಂದ ಗುಣಿಸಿದ್ರೆ ಸುತ್ತಿಗೆ 1.57 ಮಿಲಿಮೀಟರ್. ಲೆಕ್ಕ ಕೂಡಿ ಬಂದಾಗ ನನಗೆ ಮೈ ಜುಂ ಅಂತು. ಅಂದ್ರೆ ನಮ್ಮ ಮೆಷಿನ್‌ಗೆ ಹಾಕೋ ಮೊದಲೇ ರೋಲ್ ಎಲ್ಲೋ ಬಿದ್ದು ಹೊರಗಡೆ ಪೆಟ್ಟು ತಿಂದಿದೆ. ಅಣ್ಣಂಗೆ ಪೈ ಬೇಕಾಗಿರಲಿಲ್ಲ. "ಟೈಲರ್ ಸುತ್ತಳತೆ ಇದ್ದಂಗೆ ಕಣಮ್ಮ, ಒಳಗೆ ಹೋದಂಗೆ ಸೊಂಟ ಸಣ್ಣ" ಅಂದ್ರು. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನನಗೆ 'ಸುತ್ತಳತೆ' ಅನ್ನೋ ಪದ ಸಿಕ್ಕಿದ್ದು ಹೀಗೆ.

ಕಲೆ ಪಕ್ಕ ಟೇಪ್ ಇಟ್ಟು ಫೋಟೋ ತೆಗೆದ್ವಿ. ಡಬ್ಬದ ಮೇಲಿನ ಬ್ಯಾಚ್ ನಂಬರ್, ಅದರ ಮೂಲೆ ಜಜ್ಜಿದ್ದು, ಎರಡರ ಫೋಟೋನೂ ಕಳಿಸಿದ್ವಿ. ಡೀಲರ್ ಈ ಸಲ ಹೆಡ್ ಸುದ್ದಿ ಎತ್ತಲಿಲ್ಲ. ಎರಡು ದಿನ ಬಿಟ್ಟು ಬೇರೆ ರೋಲ್ ಬಂತು. ಇಂಕಿನ ದುಡ್ಡು ಬರಲಿಲ್ಲ, ಅದನ್ನ ಯಾರೂ ಕೊಡಲ್ಲವಂತೆ. ಮಾವ ಅಣ್ಣಂಗೆ ಏನೂ ಹೇಳಲಿಲ್ಲ, ಸುಮ್ನೆ ಎರಡು ಟೀ ತರಿಸಿ ಒಂದನ್ನ ಅವರ ಮುಂದಿಟ್ರು. ಅಣ್ಣ ಕುಡೀತಾ ಹೊಸ ರೋಲಿನ ಮೈಮೇಲೆ ಒಂದು ಸುತ್ತು ಕೈ ಆಡಿಸಿ ನೋಡಿದ್ರು. ಆಮೇಲೇ ಲಾರಿಯವನ ಚೀಟಿಗೆ ಸೈನ್ ಬಿತ್ತು.