ಆರತಿಯ ನೀರು

ಕಿರಿಯ ಸೊಸೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬರುವ ದಿನ. ಮೈಸೂರಿನ ಆ ಮನೆಯಲ್ಲಿ ಬೆಳಗಿನಿಂದಲೇ ಸಡಗರ. ಅಜ್ಜಿ ತಟ್ಟೆಯಲ್ಲಿ ನೀರು ತುಂಬಿ, ಎರಡು ಚಿಟಿಕೆ ಅರಿಶಿನ ಕದಡಿ, ಎಲೆಯಡಿಕೆಯ ತಟ್ಟೆಯಲ್ಲಿದ್ದ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣವನ್ನು ತೆಗೆದು ಬೆರೆಸಿದರು. ಹಳದಿಯ ನೀರು ನೋಡನೋಡುತ್ತಿದ್ದಂತೆ ಕೆಂಪಾಯಿತು.

“ಇದೇಕೆ ಅಜ್ಜಿ, ಕೆಂಪಾಯಿತು?” ಎಂದು ಕೇಳಿದವನು ಹಿರಿಯ ಮಗನ ಮಗ, ಏಳನೆಯ ತರಗತಿಯ ಹುಡುಗ.

“ಸುಣ್ಣ ಹಾಕಿದರೆ ಅರಿಶಿನ ಕೆಂಪಾಗುತ್ತದಪ್ಪ. ಅದಕ್ಕೊಂದು ಕಾರಣ ಬೇರೆ ಬೇಕೆ?”

ಕಾರಣ ಬೇಕೆನ್ನುವವರು ಪಡಸಾಲೆಯಲ್ಲೇ ಕುಳಿತಿದ್ದರು. ತಾತ ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತರಾದವರು. ಎದ್ದು ಬಂದು, ಆ ಕೆಂಪು ನೀರನ್ನು ಒಂದು ಲೋಟಕ್ಕೆ ಬಗ್ಗಿಸಿಕೊಂಡು, ಅರ್ಧ ಹೋಳು ನಿಂಬೆಹಣ್ಣನ್ನು ಹಿಂಡಿದರು. ಕೆಂಪು ಮಾಯವಾಗಿ ಹಳದಿ ಮರಳಿತು. ಹುಡುಗ ಕೈತಟ್ಟಿದ. “ಆರತಿಯ ನೀರಿಗೆ ನಿಂಬೆ ಹಿಂಡುವವರುಂಟೆ! ನಿಮ್ಮ ಪಾಠವೆಲ್ಲ ಆಮೇಲೆ ಇಟ್ಟುಕೊಳ್ಳಿ” ಎಂದು ಅಜ್ಜಿ ರೇಗಿದರು.

ಆದರೆ ಪಾಠ ನಿಲ್ಲಲಿಲ್ಲ. ಕೇಳುವವನೊಬ್ಬ ಸಿಕ್ಕಿದ ನಿವೃತ್ತ ಮೇಷ್ಟರನ್ನು ನಿಲ್ಲಿಸುವುದು ಸುಲಭವೆ? ನಿಂಬೆ, ಹುಣಿಸೆ, ಮೊಸರು ಇವುಗಳಲ್ಲಿರುವ ಹುಳಿಯೇ ಆಮ್ಲ. ಸುಣ್ಣ, ಸೋಡ, ಬೂದಿಯ ನೀರು ಇವೆಲ್ಲ ಕ್ಷಾರ. ನೀರಿನಲ್ಲಿ ಆಮ್ಲವು ಜಲಜನಕದ ಅಯಾನುಗಳನ್ನು ಹೆಚ್ಚಿಸುತ್ತದೆ, ಕ್ಷಾರವು ಕುಗ್ಗಿಸುತ್ತದೆ. ಎರಡೂ ತಕ್ಕ ಪ್ರಮಾಣದಲ್ಲಿ ಕೂಡಿದರೆ ಒಂದನ್ನೊಂದು ತಣಿಸಿ, ಉಪ್ಪೂ ನೀರೂ ಆಗುತ್ತವೆ. ಅರಿಶಿನದ ಬಣ್ಣವು ಈ ಎರಡು ಪಕ್ಷಗಳಲ್ಲಿ ಯಾವುದು ಗೆದ್ದಿದೆ ಎಂಬುದನ್ನು ಸಾರುವ ಡಂಗುರ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ನೇರಳೆ ಬಣ್ಣದ ಹೂವಿನ ಪಾಕವು ಆಮ್ಲದಲ್ಲಿ ಕೆಂಪಾಗಿ ಕ್ಷಾರದಲ್ಲಿ ಹಸುರಾಗುವುದನ್ನು 1664ರಲ್ಲಿ ಪುಸ್ತಕವಾಗಿ ಬರೆದ. ಇಲ್ಲಿನ ಹೆಂಗಸರು ಪುಸ್ತಕ ಬರೆಯಲಿಲ್ಲ, ಆರತಿ ಎತ್ತಿದರು, ಅಷ್ಟೇ ವ್ಯತ್ಯಾಸ.

ಅಜ್ಜಿಗೆ ಈ ಶಾಸ್ತ್ರದ ಹೆಸರು ಗೊತ್ತಿರಲಿಲ್ಲವೇ ಹೊರತು ಶಾಸ್ತ್ರ ಗೊತ್ತಿಲ್ಲದಿರಲಿಲ್ಲ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಅವರು ಎಂದೂ ಹುಳಿ ಕುದಿಸಿದವರಲ್ಲ. ಕಿಲುಬು ಹತ್ತಿದ ಅದೇ ಪಾತ್ರೆಯನ್ನು ಬೆಳಗಲು ಹುಣಿಸೆಹಣ್ಣನ್ನೇ ಹುಡುಕುವರು. ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯೇ ಆಗಬೇಕು. ಮದುವೆಯ ರೇಷ್ಮೆ ಸೀರೆಗೆ ಅಂಟುವಾಳದ ನೊರೆಯೇ ಹೊರತು ಒಗೆಯುವ ಸೋಡ ಸೋಕಕೂಡದು. ಸೋಡ ಸೋಕಿದರೆ ರೇಷ್ಮೆ ಜೀವ ಕಳೆದುಕೊಳ್ಳುತ್ತದೆ ಎಂದು ಅವರ ತಾಯಿ ಹೇಳಿಕೊಟ್ಟಿದ್ದರು. ರೇಷ್ಮೆಯ ಎಳೆ ಪ್ರೋಟೀನು, ಕ್ಷಾರವು ಪ್ರೋಟೀನನ್ನು ಕರಗಿಸುತ್ತದೆ ಎಂದು ತಾತ ಅದಕ್ಕೆ ವ್ಯಾಖ್ಯಾನ ಬರೆಯಬಲ್ಲವರಾಗಿದ್ದರು.

ತಾತನ ಹೆಮ್ಮೆಯಿದ್ದದ್ದು ಲೆಕ್ಕದಲ್ಲಿ. ಹುಳಿಯೆಂದರೆ ಎಷ್ಟು ಹುಳಿ? ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಗೆ ಸೇರಿದ ಪ್ರಯೋಗಾಲಯವೊಂದುಂಟು. ಅಲ್ಲಿ ಸೋರೆನ್‌ಸೆನ್ ಎಂಬ ವಿಜ್ಞಾನಿ ಕಿಣ್ವಗಳ ಕೆಲಸವನ್ನು ಪರೀಕ್ಷಿಸುತ್ತಿದ್ದಾಗ, ಹುಳಿ ತುಸು ಹೆಚ್ಚು ಕಡಿಮೆಯಾದರೂ ಫಲ ಬೇರೆಯಾಗುವುದನ್ನು ಕಂಡು, 1909ರಲ್ಲಿ ಅದಕ್ಕೊಂದು ಅಳತೆಗೋಲನ್ನು ಗೊತ್ತುಮಾಡಿದ. ಅದೇ ಪಿಎಚ್. ಶುದ್ಧವಾದ ನೀರು 7. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ಹತ್ತುಪಾಲು ವ್ಯತ್ಯಾಸ. ನಿಂಬೆರಸ ಸುಮಾರು 2, ಸುಣ್ಣದ ತಿಳಿನೀರು 12ಕ್ಕೂ ಮೇಲೆ; ನಡುವೆ ಸಾವಿರ ಕೋಟಿ ಪಾಲಿನ ಅಂತರ!

“ಸಾರಿನ ಹುಳಿ ನಾಲಗೆಗೆ ತಿಳಿಯುತ್ತದೆ, ಅದಕ್ಕೇಕೆ ಇಷ್ಟು ಲೆಕ್ಕ?” ಎಂದು ಅಜ್ಜಿ ಅಡುಗೆಯ ಮನೆಯಿಂದಲೇ ಕೇಳಿದರು.

ಮಗು ಬಂದಿತು, ಆರತಿಯಾಯಿತು, ಊಟವೂ ಆಯಿತು. ಹಿರಿಯರು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಹುಡುಗ ನಾಲ್ಕು ವರ್ಷದ ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಯೋಗಕ್ಕೆ ತೊಡಗಿದ. ಸುಣ್ಣದ ಡಬ್ಬಿಯ ಮುಚ್ಚಳ ಬಿಗಿದುಕೊಂಡಿತ್ತು. ಬಲವಾಗಿ ಎಳೆದ. ಒಮ್ಮೆಗೇ ಕಳಚಿದ ಮುಚ್ಚಳದೊಡನೆ ಸುಣ್ಣ ಸಿಡಿದು, ಬಗ್ಗಿ ನೋಡುತ್ತಿದ್ದ ಹುಡುಗಿಯ ಎಡಗಣ್ಣಿಗೆ ಬಿದ್ದಿತು.

ಆ ಚೀತ್ಕಾರಕ್ಕೆ ಮನೆಯೆಲ್ಲ ಎದ್ದಿತು. ಹುಡುಗ ಅಡುಗೆಯ ಮನೆಗೆ ಓಡಿ, ಬೆಳಿಗ್ಗೆ ಉಳಿದಿದ್ದ ನಿಂಬೆಯ ಹೋಳನ್ನು ಹಿಡಿದು ಬಂದ. “ತಾತ, ಇದನ್ನು ಹಿಂಡಿದರೆ ಸರಿಹೋಗುತ್ತದೆ! ನೀವೇ ಹೇಳಿದಿರಲ್ಲ!”

ತಾತ ಅದನ್ನು ಕಿತ್ತು ದೂರ ಎಸೆದರು. ಲೋಟದಲ್ಲಿ ಸರಿಯಾದದ್ದು ಕಣ್ಣಿನಲ್ಲಿ ಸರಿಯಲ್ಲ. ಆಮ್ಲವೂ ಕ್ಷಾರವೂ ಕೂಡಿದಾಗ ಶಾಖ ಹುಟ್ಟುತ್ತದೆ. ಎಷ್ಟು ಸುಣ್ಣಕ್ಕೆ ಎಷ್ಟು ನಿಂಬೆ ಎಂದು ಅಲ್ಲಿ ಅಳೆಯುವವರಾರು? ಹೆಚ್ಚಾದ ಆಮ್ಲವೇ ಇನ್ನೊಂದು ಗಾಯ ಮಾಡೀತು. ಇದನ್ನೆಲ್ಲ ಅವರು ಬಲ್ಲರು. ಬಲ್ಲವರಾದರೂ ಕೈಕಾಲು ನಡುಗಿ ನಿಂತಲ್ಲೇ ನಿಂತರು. ಅಷ್ಟರಲ್ಲಿ ಅಜ್ಜಿ ಮಗುವನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ, ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ಹಿಡಿದು ಚೊಂಬು ಚೊಂಬಾಗಿ ತಣ್ಣೀರು ಹೊಯ್ಯುತ್ತಿದ್ದರು. ಮಗು ಒದ್ದಾಡಿದರೂ ಬಿಡಲಿಲ್ಲ. ಅರ್ಧ ಗಂಟೆ ನೀರು ಹರಿಯಿತು. ಬಳಿಕ ಆಟೋ ಹಿಡಿದು ಕಣ್ಣಿನ ಆಸ್ಪತ್ರೆಗೆ ಹೊರಟರು.

ಆಮ್ಲಕ್ಕಿಂತ ಸುಣ್ಣ ಕಣ್ಣಿಗೆ ಹೆಚ್ಚು ಕೇಡು. ಆಮ್ಲ ಬಿದ್ದರೆ ಮೇಲಿನ ಪ್ರೋಟೀನು ಹೆಪ್ಪುಗಟ್ಟಿ, ಆ ಹೆಪ್ಪೇ ಒಳಗಿನದಕ್ಕೆ ಅಷ್ಟಿಷ್ಟು ಗುರಾಣಿಯಾಗುತ್ತದೆ. ಕ್ಷಾರವಾದರೋ ಜೀವಕೋಶಗಳ ಕೊಬ್ಬನ್ನು ಸಾಬೂನಾಗಿಸಿ ಒಳಕ್ಕೆ, ಇನ್ನೂ ಒಳಕ್ಕೆ ಇಳಿಯುತ್ತದೆ. ಎಲೆಯಡಿಕೆಯ ಸುಣ್ಣದಿಂದ ದೃಷ್ಟಿ ಕಳೆದುಕೊಂಡ ಮಕ್ಕಳನ್ನು ಈ ದೇಶದ ಕಣ್ಣಿನ ವೈದ್ಯರು ಕಂಡಿದ್ದಾರೆ. ಆಟೋದಲ್ಲಿ ತಾತ ಮಾತನಾಡಲಿಲ್ಲ.

ವೈದ್ಯರು ಮೊದಲು ಒಂದು ಸಣ್ಣ ಕಾಗದದ ಪಟ್ಟಿಯನ್ನು ತೆಗೆದು ಕೆಳರೆಪ್ಪೆಯ ಒಳಗೆ ಮುಟ್ಟಿಸಿದರು. ಕಾಗದ ನೀಲಿಯಾಯಿತು. ಬಾಗಿಲ ಬಳಿ ನಿಂತಿದ್ದ ಹುಡುಗನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಮೇಲಿನ ರೆಪ್ಪೆಯನ್ನು ಮಗುಚಿದಾಗ ನುಚ್ಚಿನಷ್ಟು ಸುಣ್ಣದ ಎರಡು ಕಣಗಳು ಅಡಗಿದ್ದವು. ಅವನ್ನು ತೆಗೆದು, ಮತ್ತೆ ಬಹಳ ಹೊತ್ತು ತೊಳೆದರು. ಕಾಗದ ಹಸುರಾಯಿತು, ಅಂದರೆ 7. ಹತ್ತು ನಿಮಿಷ ಕಾದು ಮತ್ತೆ ನೋಡಿದರೆ ಅಂಚಿನಲ್ಲಿ ನೀಲಿ. ಒಳಗೆ ಉಳಿದದ್ದು ಕರಗಿ ಬರುತ್ತಿತ್ತು. ಮತ್ತೆ ತೊಳೆದರು. ಮೂರನೆಯ ಸಲ ಹಸುರು ಹಸುರಾಗಿಯೇ ನಿಂತಿತು. ನಾಲಗೆಗೆ ಎಟುಕದ ಲೆಕ್ಕವೊಂದು ಆ ಕೋಣೆಯಲ್ಲಿ ಎಲ್ಲರ ಕಣ್ಣೆದುರಿಗಿತ್ತು.

“ಮನೆಯಲ್ಲಿ ನೀರು ಹಾಕಿದವರು ಯಾರು?” ಎಂದರು ವೈದ್ಯರು. ಹುಡುಗ ಅಜ್ಜಿಯತ್ತ ಬೆರಳು ತೋರಿಸಿದ. “ಆ ನೀರಿನಿಂದಲೇ ಕಣ್ಣು ಉಳಿಯಿತು, ತಾಯಿ.”

ಕೆಲವು ವಾರ ಔಷಧದ ಹನಿಗಳು ನಡೆದವು. ಕಟ್ಟು ಬಿಚ್ಚಿಸಿಕೊಂಡು ಮಗು ಮನೆಗೆ ಬಂದ ದಿನ, ದೃಷ್ಟಿ ತೆಗೆಯಬೇಕೆಂದು ಅಜ್ಜಿ ಮತ್ತೆ ತಟ್ಟೆಯಲ್ಲಿ ಅರಿಶಿನದ ನೀರು ಕದಡಿದರು. ಸುಣ್ಣದ ಡಬ್ಬಿ ಈಗ ಮಕ್ಕಳ ಕೈಗೆಟುಕದ ಅಟ್ಟದ ಮೇಲಿತ್ತು. ತಾತ ಮುಕ್ಕಾಲಿ ಹಾಕಿಕೊಂಡು ಹತ್ತಿ ಅದನ್ನು ಇಳಿಸಿ ಕೊಟ್ಟರು. ದೃಷ್ಟಿ ತೆಗೆಯುವುದನ್ನು ಅವರು ಜೀವಮಾನವೆಲ್ಲ ಮೂಢನಂಬಿಕೆಯೆಂದು ಹಾಸ್ಯ ಮಾಡಿದವರು. ಅಂದು ಏನೂ ಹೇಳದೆ, ನೀರು ಕೆಂಪಾಗುವವರೆಗೂ ತಟ್ಟೆಯನ್ನು ಹಿಡಿದುಕೊಂಡು ನಿಂತರು.