ಟ್ರ್ಯಾಕ್ಟರ್ ಕಾಲು, ಕಾರಿನ ಕ್ಲಚ್

ಇವತ್ತು ಬೆಳಿ ಮಾತಲ್ಲ, ಗಾಡಿ ಮಾತು.

ಹೋದ ವಾರ ಹಳ್ಳಿಖೇಡ (ಬಿ) ಹೊಲದ ದಾರಿಯಿಂದ ಹುಮನಾಬಾದ್ ರಸ್ತೆಗೆ ಏರುವಾಗ ನನ್ನ ಹಳೇ ಪೆಟ್ರೋಲ್ ಕಾರು ಏರಿನಾಗೇ ಬಂದ್ ಬಿತ್ತು. ಹಿಂದಿನ ಸೀಟಿನಾಗ ಅವ್ವ, ಡಿಕ್ಕಿಯೊಳಗ ಎರಡು ಚೀಲ ತೊಗರಿ. ಗಾಡಿ ಹಿಂದಕ್ಕ ಉರುಳಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ನಿಂತಿತ್ತು. ಹ್ಯಾಂಡ್‌ಬ್ರೇಕ್ ಜಗ್ಗಿದೆ, ಒಂದು ಗೇಣಿನಾಗ ತಪ್ಪಿತು. ಅವ್ವ ಏನೂ ಅನಲಿಲ್ಲ, ಮುಂದಿನ ಸೀಟು ಗಟ್ಟಿ ಹಿಡಿದಿದ್ಳು.

ತಪ್ಪು ನನ್ನ ಕಾಲಿಂದು. 20 ವರ್ಷ ಟ್ರ್ಯಾಕ್ಟರ್ ಹೊಡೆದ ಕಾಲದು. ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ ಕಡಿಮೆ ಸುತ್ತಿನಾಗೂ ಜಗ್ಗತದ. ಸಣ್ಣ ಪೆಟ್ರೋಲ್ ಇಂಜಿನ್ ಹಂಗ ತಡಕೊಳ್ಳಲ್ಲ.

ಈಗ ಹಿಂಗ ಮಾಡ್ತೀನಿ: ಹ್ಯಾಂಡ್‌ಬ್ರೇಕ್ ಹಾಕಿ, ಒಂದನೇ ಗೇರ್, ಸ್ವಲ್ಪ ರೇಸ್. ಕ್ಲಚ್ ನಿಧಾನ ಬಿಡೋದು. ಇಂಜಿನ್ ಸಪ್ಪಳ ಬದಲಾಗಿ ಗಾಡಿ ಮುಂದಕ್ಕ ಜಗ್ಗಿದಾಗ ಕಾಲು ಅಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಇಳಿಸೋದು. ಗಾಡಿ ಒಂದು ಮಾರು ಹೋದ ಮೇಲೇ ಕ್ಲಚ್ ಪೂರ್ತಿ ಬಿಡೋದು. ಭಾರ ಇದ್ರ ರೇಸ್ ಹೆಚ್ಚು ಬೇಕು. ಬಂದ್ ಬಿದ್ರ ಮೊದಲು ಬ್ರೇಕ್, ಆಮೇಲೆ ಚಾವಿ. ಇಂಜಿನ್ ನಿಂತಾಗ ಬ್ರೇಕ್ ಬಿರುಸಾಗತದ, ಜೋರು ಒತ್ತಬೇಕು.

ಮನಿಮಂದಿನ್ನ ಕೂಡ್ರಿಸೋ ಮೊದಲು, ಖಾಲಿ ಏರಿನಾಗ ನಾಕು ಸಲ ಮಾಡಿ ನೋಡ್ರಿ.